ಅನ್‌ಲಾಕ್ ಆಗಿದೆ, ಆದರೆ ಕಾಲ್ ಹೋಗ್ತಿಲ್ಲ

ಯಾವ ಆಪರೇಟರಿನ ಸಿಮ್ ಆದರೂ ಹಾಕಬಹುದಾದ ಅನ್‌ಲಾಕ್ ಫೋನುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಒಂದು ಮಾತ್ರ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿಮ್ ಹಾಕಿದ ಕೂಡಲೇ ಆಪರೇಟರ್ ಹೆಸರು ಮೂಡುತ್ತದೆ, ಸಿಗ್ನಲ್ ಕಡ್ಡಿಗಳೆಲ್ಲ ಪೂರ್ತಿ, ವಿಡಿಯೊ ಸಲೀಸಾಗಿ ಓಡುತ್ತದೆ. ನಂಬರ್ ಒತ್ತಿದರೆ ಮಾತ್ರ ಎರಡು ಕ್ಷಣ ಸದ್ದಿಲ್ಲ, ಆಮೇಲೆ ಕರೆ ತಾನೇ ಕಟ್ಟಾಗುತ್ತದೆ. ಆಚೆಯಿಂದ ಯಾರಾದರೂ ಕರೆ ಮಾಡಿದರೆ ಅವರಿಗೆ ಸ್ವಿಚ್ ಆಫ್ ಎಂಬ ಉತ್ತರ. ಮಾರಿದವರನ್ನು ಕೇಳಿದರೆ ‘ಫೋನ್ ಅನ್‌ಲಾಕ್ ಆಗಿಯೇ ಇದೆ, ನೆಟ್‌ವರ್ಕಿನವರನ್ನು ಕೇಳಿ’ ಅನ್ನುತ್ತಾರೆ. ನೆಟ್‌ವರ್ಕಿನವರು ‘ಸಿಮ್ ಸರಿಯಾಗಿದೆ, ತೊಂದರೆ ನಿಮ್ಮ ಫೋನಿನಲ್ಲಿ’ ಅನ್ನುತ್ತಾರೆ. ತಮಾಷೆಯೆಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಫೋನಿಗೆ ಬೀಗವಿಲ್ಲ, ಸಿಮ್ಮಿಗೆ ದೋಷವಿಲ್ಲ, ಆದರೂ ಕೆಲಸ ನಡೆಯುವುದಿಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಇಂಥ ದೂರು ಅಪರೂಪವಾಗಿತ್ತು. ತಂತ್ರಜ್ಞಾನ ಮುಂದೆ ಹೋದಷ್ಟೂ ಈ ತಾಪತ್ರಯ ಹೆಚ್ಚಾದದ್ದು ಹೇಗೆ ಅನ್ನುವುದೇ ಇಲ್ಲಿ ಕೊರೆಯುವ ಪ್ರಶ್ನೆ.

ಬೀಗ ಇದ್ದದ್ದು ಎಲ್ಲಿ

ಸಿಮ್ ಲಾಕ್ ಎಂಬುದು ತೀರಾ ಸರಳವಾದ ತಪಾಸಣೆ. ಪ್ರತಿ ಸಿಮ್ಮಿನೊಳಗೂ ಐಎಂಎಸ್‌ಐ ಎಂಬ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕೆ ದೇಶದ್ದು: ಭಾರತಕ್ಕೆ 404 ಮತ್ತು 405, ಆಸ್ಟ್ರೇಲಿಯಾಕ್ಕೆ 505, ಅಮೆರಿಕಕ್ಕೆ 310ರಿಂದ ಶುರುವಾಗುವ ಒಂದಿಷ್ಟು. ಅದರ ಮುಂದಿನ ಎರಡೋ ಮೂರೋ ಅಂಕೆ ಆಪರೇಟರಿನದು. ಲಾಕ್ ಇರುವ ಫೋನು ಆನ್ ಆಗುವಾಗ ಈ ಅಂಕೆಗಳನ್ನು ಓದಿ, ತನಗೆ ಹೇಳಿಕೊಟ್ಟಿರುವ ಅಂಕೆಗಳ ಜೊತೆ ತಾಳೆ ನೋಡುತ್ತದೆ. ಹೊಂದದಿದ್ದರೆ ಅನ್‌ಲಾಕ್ ಕೋಡ್ ಕೇಳುತ್ತದೆ, ಇಲ್ಲವೇ ಸಿಮ್ ಮಾನ್ಯವಲ್ಲ ಅನ್ನುತ್ತದೆ. ಅನ್‌ಲಾಕ್ ಮಾಡುವುದೆಂದರೆ ಈ ತಾಳೆ ನೋಡುವ ಕೆಲಸವನ್ನು ನಿಲ್ಲಿಸುವುದು, ಅಷ್ಟೇ. (ಬೂಟ್‌ಲೋಡರ್ ಅನ್‌ಲಾಕ್ ಬೇರೆಯದೇ ವಿಷಯ. ಅದು ಫೋನಿಗೆ ಬೇರೆ ಸಾಫ್ಟ್‌ವೇರ್ ತುಂಬಲು ಕೊಡುವ ಅನುಮತಿ, ಸಿಮ್ಮಿಗೂ ಅದಕ್ಕೂ ಸಂಬಂಧವಿಲ್ಲ. ಮಾರಾಟದ ಜಾಹೀರಾತುಗಳಲ್ಲಿ ಎರಡನ್ನೂ ಕಲಸಿಬಿಡುವವರಿದ್ದಾರೆ.)

ಅಂದರೆ ಅನ್‌ಲಾಕ್ ಎಂಬ ಪದ ಒಂದು ಅಡ್ಡಿ ಇಲ್ಲ ಎಂದು ಮಾತ್ರ ಹೇಳುತ್ತದೆ. ಆ ಫೋನಿನ ರೇಡಿಯೊ ನಿಮ್ಮ ಆಪರೇಟರಿನ ತರಂಗಗಳನ್ನು ಹಿಡಿಯುತ್ತದೆಯೇ, ಅದರ ಸಾಫ್ಟ್‌ವೇರಿಗೆ ಆ ಆಪರೇಟರಿನ ಕರೆ ವ್ಯವಸ್ಥೆ ಗೊತ್ತಿದೆಯೇ, ಆ ಮಾದರಿಯನ್ನು ಆಪರೇಟರ್ ಒಪ್ಪಿದ್ದಾರೆಯೇ, ಇವು ಮೂರೂ ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಹೌದು ಎಂಬ ಉತ್ತರ ಬಂದರೆ ಇನ್ನೊಂದಕ್ಕೂ ಹೌದೆಂದು ಅರ್ಥವಲ್ಲ. ಹಿಂದೆ ಇನ್ನೂ ದೊಡ್ಡ ಗೋಡೆಯೊಂದಿತ್ತು: ಸಿಡಿಎಂಎ ಮತ್ತು ಜಿಎಸ್‌ಎಂ ಎಂಬ, ಒಂದಕ್ಕೊಂದು ಹೊಂದದ ಎರಡು ಜಾತಿಯ ಮೊಬೈಲ್ ಜಾಲ. ಐಫೋನ್ 7 ಬಂದಾಗ ಒಂದೇ ಹೆಸರಿನಲ್ಲಿ ಎರಡು ಬಗೆಯ ಮೋಡೆಮ್ (ಜಾಲದೊಂದಿಗೆ ಮಾತಾಡುವ ಚಿಪ್) ಇದ್ದವು. ಎ1660 ಎಂಬ ಮಾದರಿಯಲ್ಲಿ ಕ್ವಾಲ್‌ಕಾಮ್ ಮೋಡೆಮ್, ಅದಕ್ಕೆ ಸಿಡಿಎಂಎ ಬರುತ್ತಿತ್ತು. ಎ1778ರಲ್ಲಿ ಇಂಟೆಲ್ ಮೋಡೆಮ್, ಅದಕ್ಕೆ ಬರುತ್ತಿರಲಿಲ್ಲ. ಎರಡನೆಯದನ್ನು ಎಷ್ಟೇ ಅನ್‌ಲಾಕ್ ಮಾಡಿದರೂ ವೆರೈಜನ್ ಅಥವಾ ಸ್ಪ್ರಿಂಟ್‌ನ ಸಿಡಿಎಂಎ ಜಾಲದಲ್ಲಿ ಮಾತಾಡುವ ಹಾಗಿರಲಿಲ್ಲ. 2022ರಲ್ಲಿ ಅಮೆರಿಕದ ಸಿಡಿಎಂಎ ಜಾಲಗಳು ಮುಚ್ಚಿದ ಮೇಲೆ ಆ ಗೋಡೆ ಬಿತ್ತು. ಎಲ್ಲರೂ ಎಲ್‌ಟಿಇಗೆ, ಅಂದರೆ 4ಜಿಗೆ ಬಂದರು, ಇನ್ನು ಯಾವ ಫೋನಾದರೂ ಎಲ್ಲಿ ಬೇಕಾದರೂ ಓಡಬಹುದು ಎಂದು ಅನ್ನಿಸಬೇಕಿತ್ತು.

ಬ್ಯಾಂಡ್ ಎಂಬ ಗಟ್ಟಿ ಮಿತಿ

ಮೊದಲು ಕೈಗೆ ಸಿಗುವ ಕಾರಣವನ್ನೇ ನೋಡೋಣ. 4ಜಿ ಎಂದರೆ ಒಂದೇ ಆವರ್ತನವಲ್ಲ (ಫ್ರೀಕ್ವೆನ್ಸಿ). ಜಗತ್ತಿನಲ್ಲಿ ಬಳಕೆಯಲ್ಲಿರುವ ಎಲ್‌ಟಿಇ ಬ್ಯಾಂಡ್‌ಗಳು, ಅಂದರೆ ಸಂಖ್ಯೆ ಕೊಟ್ಟಿರುವ ಆವರ್ತನದ ಪಟ್ಟಿಗಳು, ಹತ್ತಾರು. ಬ್ಯಾಂಡ್ 3 ಎಂದರೆ 1800 ಮೆಗಾಹರ್ಟ್ಸ್, ಬಹುಪಾಲು ದೇಶಗಳಲ್ಲಿದೆ. ಬ್ಯಾಂಡ್ 20 ಎಂದರೆ ಯುರೋಪಿನ 800. ಬ್ಯಾಂಡ್ 40 ಎಂದರೆ 2300, ಭಾರತದಲ್ಲಿ ಜಿಯೊ ಇದನ್ನು ಧಾರಾಳವಾಗಿ ಬಳಸುತ್ತದೆ. ಬ್ಯಾಂಡ್ 13 ಅಮೆರಿಕದ ವೆರೈಜನ್‌ನ 700, ಬ್ಯಾಂಡ್ 71 ಅಲ್ಲಿನ ಟಿ-ಮೊಬೈಲ್‌ನ 600. ಪ್ರತಿ ಬ್ಯಾಂಡಿಗೂ ಫೋನಿನ ಬೋರ್ಡಿನ ಮೇಲೆ ತಕ್ಕ ಫಿಲ್ಟರ್ ಇರಬೇಕು, ಆ ತರಂಗಕ್ಕೆ ಹೊಂದುವ ಪವರ್ ಆಂಪ್ಲಿಫೈಯರ್ ಬೇಕು, ಆಂಟೆನಾ ಅದಕ್ಕೆ ಶ್ರುತಿಯಾಗಿರಬೇಕು. ಮೋಡೆಮ್ ಚಿಪ್ಪಿಗೆ ಎಲ್ಲ ಬ್ಯಾಂಡೂ ಗೊತ್ತಿರಬಹುದು, ಆದರೆ ಚಿಪ್ಪಿಗೂ ಆಂಟೆನಾಕ್ಕೂ ನಡುವೆ ಇರುವ ಈ ಬಿಡಿಭಾಗಗಳಿಗೆ ದುಡ್ಡೂ ಬೇಕು, ಜಾಗವೂ ಬೇಕು. ಹಾಗಾಗಿ ತಯಾರಕರು ಮಾರುವ ಪ್ರದೇಶಕ್ಕೆ ಬೇಕಾದವನ್ನಷ್ಟೇ ಕೂರಿಸುತ್ತಾರೆ. ಸಾಫ್ಟ್‌ವೇರಿನಲ್ಲಿ ಬ್ಯಾಂಡ್ ತೆರೆದುಕೊಡುತ್ತೇವೆ ಎನ್ನುವ ಉಪಾಯಗಳು ಬಹಳಷ್ಟು ಸಲ ಸೋಲುವುದು ಇಲ್ಲಿಯೇ. ಫಿಲ್ಟರೇ ಇಲ್ಲದ ಕಡೆ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ.

ಇದರಲ್ಲಿ ಜನ ಮೋಸಹೋಗುವುದು ಪೂರ್ತಿ ಹೊಂದದ ಫೋನಿನಿಂದಲ್ಲ, ಅರ್ಧ ಹೊಂದುವ ಫೋನಿನಿಂದ. ಆಪರೇಟರ್ ಬಳಸುವ ಐದು ಬ್ಯಾಂಡ್‌ಗಳಲ್ಲಿ ಮೂರು ನಿಮ್ಮ ಫೋನಿನಲ್ಲಿದ್ದರೆ ಪೇಟೆಯ ನಡುವೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಬಿಟ್ಟುಹೋದ ಎರಡರಲ್ಲಿ ಒಂದು 600, 700 ಅಥವಾ 800 ಮೆಗಾಹರ್ಟ್ಸಿನದಾದರೆ ಕಷ್ಟ. ಕಡಿಮೆ ಆವರ್ತನದ ಈ ಬ್ಯಾಂಡ್‌ಗಳೇ ದೂರ ಹೋಗುವುದು, ದಪ್ಪ ಗೋಡೆಯೊಳಗೆ ನುಗ್ಗುವುದು. ಲಿಫ್ಟಿನಲ್ಲಿ, ನೆಲಮಾಳಿಗೆಯಲ್ಲಿ, ಹೆದ್ದಾರಿಯ ಖಾಲಿ ಹಾದಿಯಲ್ಲಿ ಪಕ್ಕದವರ ಫೋನಿಗೆ ಸಿಗ್ನಲ್ ಇದ್ದು ನಿಮ್ಮದಕ್ಕೆ ಇಲ್ಲವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅಮೆರಿಕದ ಬ್ಯಾಂಡ್ 12 ಮತ್ತು 17ರ ಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಂಡ್ 12ರ ಡೌನ್‌ಲಿಂಕ್ (ಟವರಿನಿಂದ ಫೋನಿಗೆ ಬರುವ ತರಂಗ) 729ರಿಂದ 746 ಮೆಗಾಹರ್ಟ್ಸ್. ಬ್ಯಾಂಡ್ 17ರದ್ದು 734ರಿಂದ 746. ಎರಡನೆಯದು ಮೊದಲನೆಯದರ ಹೊಟ್ಟೆಯೊಳಗೇ ಇದೆ. ಕೆಳಗಿನ ತುಂಡಿಗೆ ಪಕ್ಕದ ಟಿವಿ ಚಾನೆಲ್ 51ರ ಕಾಟ ಇದೆಯೆಂದು ಅದನ್ನು ಬಿಟ್ಟು ಮಾಡಿಕೊಂಡ ಬ್ಯಾಂಡ್ 17 ಮುಖ್ಯವಾಗಿ ಎಟಿ&ಟಿಗೆ ಅನುಕೂಲವಾಯಿತು. ತರಂಗ ಒಂದೇ ಆದರೂ ಟವರ್ ತಾನು ಬ್ಯಾಂಡ್ 17 ಎಂದು ಸಾರಿದರೆ, 12 ಮಾತ್ರ ಗೊತ್ತಿರುವ ಫೋನು ಅದು ತನ್ನದಲ್ಲ ಎಂದು ಮುಂದೆ ಹೋಗುತ್ತಿತ್ತು. ಕೊನೆಗೆ 2013ರಲ್ಲಿ ಎಟಿ&ಟಿ ಬ್ಯಾಂಡ್ 12ಕ್ಕೂ ಜಾಗ ಕೊಡಲು ಒಪ್ಪಿತು. ಒಂದೇ ಟವರ್ ತನ್ನನ್ನು ಎರಡು ಹೆಸರಿನಿಂದಲೂ ಸಾರಿಕೊಳ್ಳುವ ಸೌಲಭ್ಯ ಎಲ್‌ಟಿಇಯಲ್ಲಿ ಇದೆ, ಅದನ್ನೇ ಬಳಸಿಕೊಂಡರು. ಭೌತಶಾಸ್ತ್ರದ ಅಡ್ಡಿ ಎಲ್ಲಿ ಮುಗಿಯಿತು, ಹೆಸರಿಟ್ಟುಕೊಂಡ ಅಡ್ಡಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದಾದ ಜಾಗ ಇದು.

ಬ್ಯಾಂಡ್ 28 ಇನ್ನೊಂದು ಬಗೆಯ ಬಲೆ. ಇದು 700ರ ಸುತ್ತ 45 ಮೆಗಾಹರ್ಟ್ಸ್ ಅಗಲದ ಬ್ಯಾಂಡ್. ಇಷ್ಟು ಅಗಲವನ್ನು ಒಂದೇ ಫಿಲ್ಟರಿನಲ್ಲಿ ಹಿಡಿಯುವುದು ಕಷ್ಟವೆಂದು 28ಎ, 28ಬಿ ಎಂದು ತಲಾ 30 ಮೆಗಾಹರ್ಟ್ಸಿನ ಎರಡು ತುಂಡು ಮಾಡಿ, ನಡುವೆ ಸ್ವಲ್ಪ ಒಂದರ ಮೇಲೊಂದು ಬರುವಂತೆ ಇಟ್ಟರು. ಯುರೋಪಿಗೆ ಕೆಳಗಿನ ತುಂಡು ಸಾಕು, ಹಾಗಾಗಿ ಅಲ್ಲಿಗೆಂದು ಮಾಡಿದ ಕೆಲವು ಫೋನುಗಳಲ್ಲಿ 28ಎ ಮಾತ್ರ ಇರುತ್ತದೆ. ಮಾರುವ ಪುಟದಲ್ಲಿ ‘ಬ್ಯಾಂಡ್ 28’ ಎಂದು ಬರೆದಿದ್ದರೂ ಮೇಲಿನ ತುಂಡನ್ನು ಬಳಸುವ ದೇಶದಲ್ಲಿ ಆ ಫೋನು ಕಿವುಡು. ಇದು ತಯಾರಕರ ಅಧಿಕೃತ ವಿವರದಲ್ಲಿ, ಅದೂ ಸರಿಯಾದ ಮಾದರಿ ಸಂಖ್ಯೆಯ ಎದುರಿನಲ್ಲಿ ಹುಡುಕಿದರೆ ಮಾತ್ರ ಸಿಗುವ ಮಾಹಿತಿ.

ಕರೆ ಎಂಬುದು ಈಗ ಒಂದು ಆ್ಯಪ್

ಬ್ಯಾಂಡ್‌ಗಳೆಲ್ಲ ಹೊಂದಿ, ಇಂಟರ್ನೆಟ್ ಓಡಿ, ಕರೆ ಮಾತ್ರ ಹೋಗದಿದ್ದರೆ ಕಾರಣ ಬೇರೆ. ನಿಜವಾದ ಸಿಕ್ಕು ಇರುವುದೂ ಇಲ್ಲೇ.

2ಜಿ, 3ಜಿಯಲ್ಲಿ ಕರೆ ಎಂಬುದು ಜಾಲದ ಮೂಲ ಗುಣವಾಗಿತ್ತು. ಯಾವ ಕಂಪನಿಯ ಫೋನಾದರೂ ಜಿಎಸ್‌ಎಂ ಎಂದಮೇಲೆ ಅದಕ್ಕೆ ಕರೆ ಮಾಡಲು ಬರಲೇಬೇಕು. ಆಪರೇಟರ್ ಯಾರೆಂದು ಅದು ಕೇಳುತ್ತಿರಲಿಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಮುಗಿಯಿತು, ಸೆಟ್ಟಿಂಗ್ ಇಲ್ಲ, ಪಟ್ಟಿ ಇಲ್ಲ. ನನ್ನ ಮಟ್ಟಿಗೆ ಮೊಬೈಲ್ ಇತಿಹಾಸದ ದೊಡ್ಡ ಸಾಧನೆಗಳಲ್ಲಿ ಇದೊಂದು, ಅದು ಕೈತಪ್ಪಿದ್ದನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ಎಲ್‌ಟಿಇ ವಿನ್ಯಾಸ ಮಾಡುವಾಗ ಬರೀ ಡೇಟಾ ಸಾಗಿಸುವ ಜಾಲವಾಗಿ ಮಾಡಿದರು. ಅದರೊಳಗೆ ಕರೆಗೆಂದು ಪ್ರತ್ಯೇಕ ದಾರಿ ಇಲ್ಲ. ಶುರುವಿನಲ್ಲಿ ಇದು ಯಾರಿಗೂ ತೊಡಕಾಗಲಿಲ್ಲ, ಏಕೆಂದರೆ ಕರೆ ಬಂದ ಕ್ಷಣ ಫೋನು ಎಲ್‌ಟಿಇ ಬಿಟ್ಟು 3ಜಿಗೋ 2ಜಿಗೋ ಇಳಿಯುತ್ತಿತ್ತು, ಮಾತು ಮುಗಿದ ಮೇಲೆ ಮೇಲೆ ಹತ್ತುತ್ತಿತ್ತು. ಕರೆಯ ಹೊತ್ತಿನಲ್ಲಿ ಮೇಲಿನ ಮೂಲೆಯ 4ಜಿ ಗುರುತು ಎಚ್ ಅಥವಾ ಇ ಆಗುತ್ತಿದ್ದದ್ದು ಇದಕ್ಕೇ. ಹಳೆಯ ಜಾಲ ಕೆಳಗೆ ಇರುವ ತನಕ ಎಲ್ಲ ಅನ್‌ಲಾಕ್ ಫೋನುಗಳೂ ಅದರ ಮರೆಯಲ್ಲಿ ಬದುಕಿದವು.

ಆ ಮರೆ ಇಲ್ಲದಿದ್ದರೆ ಏನಾಗುತ್ತದೆಂದು ದೊಡ್ಡ ಮಟ್ಟದಲ್ಲಿ ಕಂಡದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾದಾಗ. ಅದು ಬರೀ 4ಜಿ ಜಾಲ, ಇಳಿಯಲು ಕೆಳಗೆ ಏನೂ ಇಲ್ಲ. ಆಗ ಚಲಾವಣೆಯಲ್ಲಿದ್ದ ಎಷ್ಟೋ 4ಜಿ ಫೋನುಗಳಲ್ಲಿ ವೋಎಲ್‌ಟಿಇ, ಅಂದರೆ 4ಜಿ ಮೇಲೆಯೇ ಕರೆ ಮಾಡುವ ವ್ಯವಸ್ಥೆ, ಇರಲಿಲ್ಲ. ಅಂಥವುಗಳಲ್ಲಿ ಇಂಟರ್ನೆಟ್ ಸಿಕ್ಕಿತು, ಡಯಲರ್ ಸತ್ತಿತ್ತು. ಅದಕ್ಕೆಂದೇ ಆ ಆಪರೇಟರ್ ಕರೆಯ ಆ್ಯಪ್ ಒಂದನ್ನು ಕೊಟ್ಟಿತು. ಫೋನಿನ ಸಾಫ್ಟ್‌ವೇರ್ ಮಾಡಬೇಕಿದ್ದ ಕೆಲಸವನ್ನು ಆ್ಯಪ್ ತಲೆಯ ಮೇಲೆ ಹೊತ್ತುಕೊಂಡಿತು.

ಆ ಕೆಲಸ ಏನೆಂದು ಬಿಡಿಸಿ ನೋಡಿದರೆ ಎಡವಟ್ಟು ಎಲ್ಲೆಲ್ಲಿ ಆಗಬಹುದೆಂದು ಗೊತ್ತಾಗುತ್ತದೆ. ಫೋನು ಟವರಿಗೆ ಸೇರಿದ ಮೇಲೆ ಇಂಟರ್ನೆಟ್ಟಿಗೆ ಒಂದು ಸಂಪರ್ಕ ಪಡೆಯುತ್ತದೆ. ಕರೆಗಾಗಿ ಎರಡನೆಯ ಸಂಪರ್ಕ ಬೇಕು, ಅದರ ಎಪಿಎನ್ (ಸಂಪರ್ಕದ ಬಾಗಿಲಿನ ಹೆಸರು) ಸಾಮಾನ್ಯವಾಗಿ ಐಎಂಎಸ್ ಎಂದೇ ಇರುತ್ತದೆ, ಐಎಂಎಸ್ ಅಂದರೆ ಆಪರೇಟರಿನ ಕರೆ ವ್ಯವಸ್ಥೆ. ಆ ಸಂಪರ್ಕ ಕೊಡುವಾಗ ಜಾಲವು ಕರೆ ಸರ್ವರಿನ ವಿಳಾಸ ತಿಳಿಸುತ್ತದೆ. ಫೋನು ಆ ಸರ್ವರಿಗೆ ನೋಂದಣಿಯ ಕೋರಿಕೆ ಕಳಿಸುತ್ತದೆ. ಸರ್ವರ್ ತಕ್ಷಣ ಒಪ್ಪುವುದಿಲ್ಲ, ಒಂದು ಸವಾಲು ಕೊಡುತ್ತದೆ. ಸಿಮ್ ತನ್ನೊಳಗಿನ ಗುಪ್ತ ಕೀಲಿಯಿಂದ ಉತ್ತರ ಲೆಕ್ಕ ಹಾಕಿ ಕೊಟ್ಟಮೇಲೆ ನೋಂದಣಿ ಆಗುತ್ತದೆ. ಕರೆ ಶುರುವಾದಾಗ ಜಾಲ ಧ್ವನಿಗೆಂದು ಬೇರೆ ಆದ್ಯತೆಯ ದಾರಿ ತೆರೆಯುತ್ತದೆ, ಎರಡು ಕಡೆಯವರೂ ಒಂದೇ ಕೋಡೆಕ್ (ಧ್ವನಿಯನ್ನು ಡೇಟಾ ಆಗಿ ಮಾಡುವ ವಿಧಾನ) ಒಪ್ಪಬೇಕು. ಇದೆಲ್ಲ ಆದಮೇಲೆ ರಿಂಗಾಗುತ್ತದೆ. ಈ ಸರಪಳಿಗೆ ಮಾನದಂಡ ಇಲ್ಲವೇ ಅಂದರೆ ಇದೆ, ಮೊಬೈಲ್ ಆಪರೇಟರುಗಳ ಒಕ್ಕೂಟ ಜಿಎಸ್‌ಎಂಎಯ ಐಆರ್.92 ಎಂಬ ದಾಖಲೆ ಅದಕ್ಕೆಂದೇ ಇದೆ. ತೊಡಕೆಂದರೆ ಅದರಲ್ಲಿ ಆಯ್ಕೆಗಳಿಗೆ ಜಾಗ ಬಹಳ. ನೋಂದಣಿಯ ಸಂದೇಶ ಗೂಢಲಿಪಿಯಲ್ಲಿ ಇರಬೇಕೇ, ಟೈಮರ್ ಎಷ್ಟು ಸೆಕೆಂಡಿನದು, ಎಸ್‌ಎಂಎಸ್ ಈ ದಾರಿಯಲ್ಲೇ ಹೋಗಬೇಕೇ, ಕಾಲ್ ಫಾರ್ವರ್ಡಿಂಗ್ ಬದಲಿಸಲು ಯಾವ ಎಪಿಎನ್, ಸಿಗ್ನಲ್ ಕುಸಿದಾಗ ಕರೆಯನ್ನು ಹಳೆಯ ಜಾಲಕ್ಕೆ ದಾಟಿಸುವುದು ಹೇಗೆ: ಇಂಥ ಪ್ರಶ್ನೆಗಳಿಗೆ ಒಬ್ಬೊಬ್ಬ ಆಪರೇಟರಿನದು ಒಂದೊಂದು ಉತ್ತರ.

ಆ ಉತ್ತರಗಳೆಲ್ಲ ಫೋನಿನೊಳಗೆ ಮೊದಲೇ ಬರೆದಿಟ್ಟಿರಬೇಕು. ಐಫೋನಿನಲ್ಲಿ ಇದನ್ನು ಕ್ಯಾರಿಯರ್ ಬಂಡಲ್ ಅನ್ನುತ್ತಾರೆ, ಕೆಲವೊಮ್ಮೆ ‘ಕ್ಯಾರಿಯರ್ ಸೆಟ್ಟಿಂಗ್ಸ್ ಅಪ್‌ಡೇಟ್’ ಎಂದು ಪುಟ್ಟ ಕಿಟಕಿ ಬರುವುದು ಇದರದ್ದೇ. ಕ್ವಾಲ್‌ಕಾಮ್ ಮೋಡೆಮ್ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಎಂಬಿಎನ್ ಎಂಬ ಕಡತಗಳಿರುತ್ತವೆ, ಅದರ ಮೇಲೆ ಆಂಡ್ರಾಯ್ಡಿನದೇ ಕ್ಯಾರಿಯರ್ ಕಾನ್ಫಿಗ್ ಇದೆ. ಸ್ಯಾಮ್‌ಸಂಗ್‌ನಲ್ಲಿ ಸಿಎಸ್‌ಸಿ ಎಂಬ ಪ್ರದೇಶವಾರು ಕಡತ. ಸಿಮ್ ಹಾಕಿದಾಗ ಫೋನು ಅದರ ಅಂಕೆಗಳನ್ನು ಓದಿ ತಕ್ಕ ಕಡತ ಹುಡುಕುತ್ತದೆ. ಸಿಗದಿದ್ದರೆ ಸಾಮಾನ್ಯ ಕಡತವೊಂದನ್ನು ಎತ್ತಿಕೊಳ್ಳುತ್ತದೆ, ಅದರಲ್ಲಿ ಹೆಚ್ಚಾಗಿ ವೋಎಲ್‌ಟಿಇ ಆಫ್ ಆಗಿರುತ್ತದೆ. ಅಲ್ಲಿಗೆ ಯಂತ್ರಕ್ಕೆ ಎಲ್ಲ ಸಾಮರ್ಥ್ಯ ಇದ್ದರೂ ಕರೆ ಇಲ್ಲ. ಇಲ್ಲಿ ವಿಚಿತ್ರವೆಂದರೆ, ಅದೇ ಮಾದರಿಯ ಅದೇ ಯಂತ್ರ ಒಂದು ಪ್ರದೇಶದ ಸಾಫ್ಟ್‌ವೇರಿನಲ್ಲಿ ಕರೆ ಮಾಡುತ್ತದೆ, ಇನ್ನೊಂದು ಪ್ರದೇಶದ ಸಾಫ್ಟ್‌ವೇರಿನಲ್ಲಿ ಮಾಡುವುದಿಲ್ಲ. ಗೂಗಲ್ ಪಿಕ್ಸೆಲ್ ಅನ್ನು ಗೂಗಲ್ ಅಧಿಕೃತವಾಗಿ ಮಾರದ ದೇಶಕ್ಕೆ ಒಯ್ದವರು ವೋಎಲ್‌ಟಿಇ ಮತ್ತು 5ಜಿ ಸ್ವಿಚ್ಚುಗಳೇ ಕಾಣದೆ ಒದ್ದಾಡುವುದು ಇದರಿಂದಲೇ.

ಇನ್ನೊಂದು ವಿಚಿತ್ರ ಲಕ್ಷಣಕ್ಕೂ ಇಲ್ಲಿ ಉತ್ತರವಿದೆ. ಕೆಲವು ಫೋನುಗಳಲ್ಲಿ 4ಜಿ ಒಂದು ಕ್ಷಣ ಬಂದು ಮಾಯವಾಗುತ್ತದೆ, ಡೇಟಾ ಕೂಡ ಹೋಗುತ್ತದೆ. ಪ್ರತಿ ಫೋನಿನಲ್ಲೂ ತನಗೆ ಧ್ವನಿ ಮುಖ್ಯವೋ ಡೇಟಾ ಮುಖ್ಯವೋ ಎಂಬ ಒಂದು ಒಳ ಸೆಟ್ಟಿಂಗ್ ಇರುತ್ತದೆ. ಧ್ವನಿ ಮುಖ್ಯ ಎಂದಿರುವ ಫೋನು ಎಲ್‌ಟಿಇಯಲ್ಲಿ ಕರೆಯ ದಾರಿ ಸಿಗದಿದ್ದರೆ ಎಲ್‌ಟಿಇಯನ್ನೇ ಬಿಟ್ಟು 2ಜಿ, 3ಜಿ ಹುಡುಕಿಕೊಂಡು ಹೊರಡುತ್ತದೆ. ಅವು ಇಲ್ಲದ ಜಾಲದಲ್ಲಿ ಅದಕ್ಕೆ ಕೊನೆಗೆ ಯಾವುದೂ ದಕ್ಕುವುದಿಲ್ಲ. ಇಂಥ ಫೋನನ್ನು ‘ಸಿಗ್ನಲ್ ವೀಕ್’ ಎಂದು ರಿಪೇರಿಗೆ ಕೊಟ್ಟು ಆಂಟೆನಾ ಬದಲಿಸಿಕೊಂಡು ಬಂದರೆ ಹಣ ದಂಡ.

ಪಟ್ಟಿಗಳ ಕಾಲ

2022ರ ಫೆಬ್ರುವರಿ 22ರಂದು ಎಟಿ&ಟಿ ತನ್ನ 3ಜಿ ಮುಚ್ಚಿತು. ಅದಕ್ಕೂ ಮೊದಲೇ ಮುಂದೆ ನಡೆಯುವ ಫೋನುಗಳ ಪಟ್ಟಿ ಹೊರಬಿತ್ತು. ಅದರಲ್ಲಿ ಫೋನಿನ ಹೆಸರಷ್ಟೇ ಅಲ್ಲ, ಮಾದರಿ ಸಂಖ್ಯೆಯೂ ಮುಖ್ಯ. ಒಂದೇ ಹೆಸರಿನ ಅಮೆರಿಕದ ಆವೃತ್ತಿ ಒಳಗೆ, ಅಂತರರಾಷ್ಟ್ರೀಯ ಆವೃತ್ತಿ ಹೊರಗೆ. ವೋಎಲ್‌ಟಿಇ ಸಾಮರ್ಥ್ಯವಿದ್ದ ಎಷ್ಟೋ ಅನ್‌ಲಾಕ್ ಫೋನುಗಳೂ ಹೊರಗುಳಿದವು. ಪಟ್ಟಿಯನ್ನು ಜಾರಿ ಮಾಡುವುದು ಸುಲಭ. ಪ್ರತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯ 15 ಅಂಕೆಗಳಲ್ಲಿ ಮೊದಲ 8 ಮಾದರಿಯನ್ನು ಹೇಳುತ್ತವೆ, ಟ್ಯಾಕ್ ಎಂದು ಅದರ ಹೆಸರು. ಫೋನು ಜಾಲಕ್ಕೆ ಸೇರುವಾಗ ಈ ಸಂಖ್ಯೆ ಆಪರೇಟರಿಗೆ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ ಟ್ಯಾಕ್ ಬಂದರೆ ವೋಎಲ್‌ಟಿಇ ಕೊಡದಿರಬಹುದು, ಸೇವೆಯನ್ನೇ ನಿಲ್ಲಿಸಬಹುದು. ಸಿಮ್ ಲಾಕ್ ಫೋನಿನಿಂದ ಎದ್ದುಹೋಗಿ ಸರ್ವರಿನಲ್ಲಿ ಕೂತಿತು ಅನ್ನಬೇಕು. ಮೊದಲಿನದಕ್ಕೆ ಕೋಡ್ ಇತ್ತು, ಇದಕ್ಕೆ ಇಲ್ಲ.

ಹೀಗೆಂದು ಆಪರೇಟರುಗಳನ್ನು ಸುಮ್ಮನೆ ಬೈಯುವ ಹಾಗೂ ಇಲ್ಲ. ಪಟ್ಟಿಯ ಹಿಂದೆ ಒಂದು ನಿಜವಾದ ಭಯವಿದೆ, ತುರ್ತು ಕರೆ. ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಿಂದ 3ಜಿ ಮುಚ್ಚತೊಡಗಿದವು. ಅದಕ್ಕೆ ಮೊದಲು ಗಮನಕ್ಕೆ ಬಂದ ಸಂಗತಿ ಗಾಬರಿ ಹುಟ್ಟಿಸುವಂಥದ್ದು: ಕೆಲವು ಫೋನುಗಳು ದಿನನಿತ್ಯದ ಕರೆಗಳನ್ನು 4ಜಿಯಲ್ಲೇ ಮಾಡುತ್ತಿದ್ದವು, ಆದರೆ ಅಲ್ಲಿನ ತುರ್ತು ಸಂಖ್ಯೆ 000 ಒತ್ತಿದರೆ ಮಾತ್ರ 3ಜಿಗೆ ಇಳಿಯುವಂತೆ ಬರೆಯಲಾಗಿತ್ತು. 3ಜಿ ಹೋದಮೇಲೂ ಅಂಥ ಫೋನಿನವರಿಗೆ ಎಲ್ಲವೂ ಸರಿಯಿದೆ ಎಂದೇ ಅನ್ನಿಸುತ್ತದೆ. ಆಂಬ್ಯುಲೆನ್ಸ್ ಬೇಕಾದ ದಿನ ಮಾತ್ರ ಕರೆ ಹೋಗುವುದಿಲ್ಲ. ತುರ್ತು ಕರೆ ಮಾಡಲಾಗದ ಫೋನುಗಳಿಗೆ ಆಪರೇಟರುಗಳು ಸೇವೆಯನ್ನೇ ಕೊಡಕೂಡದೆಂದು ಅಲ್ಲಿ ನಿಯಮ ಬಂತು. ಬೇರೆ ದೇಶದಿಂದ ತಂದ, ಸ್ಥಳೀಯ ಜಾಲದ ತುರ್ತು ಸೆಟ್ಟಿಂಗ್ ಇಲ್ಲದ ಫೋನುಗಳು ಇದಕ್ಕೆ ಸಿಕ್ಕಿಬಿದ್ದವು. ಅಷ್ಟಾದ ಮೇಲೂ 2025ರಲ್ಲಿ ಕೆಲವು ಹಳೆಯ ಸ್ಯಾಮ್‌ಸಂಗ್ ಮಾದರಿಗಳಲ್ಲಿ ಇನ್ನೊಂದು ತೂತು ಬೆಳಕಿಗೆ ಬಂತು. ವೊಡಾಫೋನ್ ಜಾಲವೊಂದೇ ಸಿಗುವ ಜಾಗದಲ್ಲಿ ಅವು ತುರ್ತು ಕರೆಗೆ ಆ ಜಾಲದ ಮುಚ್ಚಿಹೋದ 3ಜಿಯನ್ನೇ ಹುಡುಕುತ್ತಿದ್ದವು.

ಹಾಗಾಗಿ ಪರೀಕ್ಷೆ ಮಾಡದ ಫೋನನ್ನು ಹೊರಗಿಡುವುದರಲ್ಲಿ ಅರ್ಥವಿದೆ. ನನ್ನ ತಕರಾರು ಬೇರೆ. ಪರೀಕ್ಷೆ ನಡೆಯುವುದು ಹೆಚ್ಚಾಗಿ ಆಪರೇಟರ್ ತಾನೇ ಮಾರುವ, ಇಲ್ಲವೇ ತಯಾರಕರು ಆ ದೇಶದಲ್ಲಿ ಅಧಿಕೃತವಾಗಿ ಮಾರುವ ಮಾದರಿಗಳಿಗೆ. ಉಳಿದವು ಪರೀಕ್ಷೆಯಲ್ಲಿ ಸೋತದ್ದಲ್ಲ, ಪರೀಕ್ಷೆಗೆ ಕೂತೇ ಇಲ್ಲ. ಬಳಕೆದಾರನಿಗೆ ಎರಡರ ವ್ಯತ್ಯಾಸ ಯಾರೂ ಹೇಳುವುದಿಲ್ಲ, ಬರುವುದು ‘ನಿಮ್ಮ ಸಾಧನ ಹೊಂದುವುದಿಲ್ಲ’ ಎಂಬ ಒಂದೇ ಎಸ್‌ಎಂಎಸ್.

ಸರ್ಕಾರಗಳ ಪಟ್ಟಿ ಇದರಿಂದ ಪ್ರತ್ಯೇಕ. ಕಳುವಾದ ಫೋನುಗಳ ಐಎಂಇಐ ತಡೆಯುವುದು ಎಷ್ಟೋ ದೇಶಗಳಲ್ಲಿದೆ. ಭಾರತದಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ 2023ರಿಂದ ದೇಶವ್ಯಾಪಿಯಾಗಿ ನಡೆಯುತ್ತಿದೆ. ಟರ್ಕಿ, ಪಾಕಿಸ್ತಾನಗಳಲ್ಲಿ ಹೊರಗಿನಿಂದ ತಂದ ಫೋನನ್ನು ಶುಲ್ಕ ಕಟ್ಟಿ ನೋಂದಾಯಿಸಬೇಕು, ಇಲ್ಲದಿದ್ದರೆ ಗಡುವು ಮುಗಿದ ಮೇಲೆ ಸ್ಥಳೀಯ ಸಿಮ್ ನಿಂತುಹೋಗುತ್ತದೆ. ತಯಾರಕರ ಪ್ರಾದೇಶಿಕ ಬೀಗವೂ ಒಂದುಂಟು. 2013ರ ಗ್ಯಾಲಕ್ಸಿ ನೋಟ್ 3 ಪೆಟ್ಟಿಗೆಯ ಮೇಲೆ ಯುರೋಪಿನ ಸಿಮ್ ಮಾತ್ರ ಎಂಬ ಚೀಟಿ ಅಂಟಿಸಿ ಸ್ಯಾಮ್‌ಸಂಗ್ ದೊಡ್ಡ ಗದ್ದಲಕ್ಕೆ ಕಾರಣವಾಗಿತ್ತು. ಮೊದಲ ಬಾರಿ ಆ ಪ್ರದೇಶದ ಸಿಮ್ ಹಾಕಿ ಚಾಲೂ ಮಾಡಿದರೆ ಆ ಬೀಗ ಬಿಡುತ್ತದೆ.

5ಜಿಯಲ್ಲಿ ಅದೇ ಹಾಡು

ಭಾರತದಲ್ಲಿ 5ಜಿ ಉದ್ಘಾಟನೆ ಆದದ್ದು 2022ರ ಅಕ್ಟೋಬರ್ 1ರಂದು. ಐಫೋನ್ 12ರಿಂದ ಮುಂದಿನ ಮಾದರಿಗಳಲ್ಲಿ 5ಜಿ ರೇಡಿಯೊ ಇತ್ತು, ಬ್ಯಾಂಡ್ ಹೊಂದುತ್ತಿತ್ತು, ಅವೆಲ್ಲ ಅನ್‌ಲಾಕ್ ಆದವೇ. ಆದರೂ ಸಾರ್ವಜನಿಕರಿಗೆ 5ಜಿ ಸಿಕ್ಕಿದ್ದು ಡಿಸೆಂಬರಿನಲ್ಲಿ ಐಒಎಸ್ 16.2 ಬಂದ ಮೇಲೆ. ನಡುವೆ ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಬದಲಾಗಲಿಲ್ಲ.

5ಜಿಯಲ್ಲಿ ಇನ್ನೊಂದು ಒಳಸುಳಿ ಇದೆ. ಜಿಯೊ ಆಗ ಹಾಕಿದ್ದು ಸ್ವತಂತ್ರ 5ಜಿ, ಎಸ್‌ಎ. ಏರ್‌ಟೆಲ್ ಹಾಕಿದ್ದು 4ಜಿಯ ಬೆನ್ನ ಮೇಲೆ ಕೂರುವ ಎನ್‌ಎಸ್‌ಎ. ಎಸ್‌ಎ ತೆರೆಯದ ಫೋನಿಗೆ ಮೊದಲನೆಯದರಲ್ಲಿ 5ಜಿ ಬರುವುದಿಲ್ಲ, ಎರಡನೆಯದರಲ್ಲಿ ಬರಬಹುದು. ಎನ್‌ಎಸ್‌ಎಯಲ್ಲಿ 5ಜಿ ಬ್ಯಾಂಡ್ ಇದ್ದರೆ ಸಾಲದು, ಆಧಾರವಾಗಿ ನಿಲ್ಲುವ 4ಜಿ ಬ್ಯಾಂಡಿನ ಜೊತೆ ಅದರ ಜೋಡಿಯೂ ಫೋನಿಗೆ ಗೊತ್ತಿರಬೇಕು. ಎನ್78 ಎಂಬ 5ಜಿ ಬ್ಯಾಂಡ್ ಇದೆ, 4ಜಿಯ ಬ್ಯಾಂಡ್ 3 ಇದೆ, ಎರಡರ ಜೋಡಿ ಇಲ್ಲ ಅಂದರೆ 4ಜಿಯೇ ಗತಿ. ಈ ಜೋಡಿಗಳ ಪಟ್ಟಿ ಮಾರಾಟದ ಪುಟಗಳಲ್ಲಿ ಸಿಗುವುದೇ ಅಪರೂಪ.

ನೋಡಬೇಕಾದದ್ದು, ಈ ಕ್ರಮದಲ್ಲಿ

ಕೊಳ್ಳುವ ಮೊದಲು ಪೂರ್ತಿ ಮಾದರಿ ಸಂಖ್ಯೆ ಕೇಳಿ, ‘ಪ್ರೊ’, ‘ಪ್ಲಸ್’ ಎಂಬ ಹೆಸರಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಮಾದರಿ ಸಂಖ್ಯೆಯ ಮೇಲೆ ಒಮ್ಮೆ ಒತ್ತಿದರೆ ಎ ಅಕ್ಷರದಿಂದ ಶುರುವಾಗುವ ಸಂಖ್ಯೆ ಬರುತ್ತದೆ. ಅದೇ ಪುಟದಲ್ಲಿ ಕೆಳಗೆ ಕ್ಯಾರಿಯರ್ ಲಾಕ್ ಎದುರು ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಎಂದಿರಬೇಕು. ಸೆಕೆಂಡ್ ಹ್ಯಾಂಡ್ ಆದರೆ ಸಿಮ್ ಟ್ರೇ ಎಳೆದು ನೋಡಿ. ಸಿಮ್ಮಿನ ಕೆಳಗೆ ತೆಳುವಾದ ಇನ್ನೊಂದು ಚಿಪ್ ಅಂಟಿಸಿ ಬೀಗದ ಕಣ್ಣಿಗೆ ಮಣ್ಣೆರಚುವ ಪದ್ಧತಿ ಇದೆ. ಅದು ಅನ್‌ಲಾಕ್ ಅಲ್ಲ, ಮುಂದಿನ ಅಪ್‌ಡೇಟಿಗೆ ಕೈಕೊಡಬಹುದು. ಟ್ರೇಯೇ ಇಲ್ಲದಿದ್ದರೂ ಗಾಬರಿ ಬೇಡ. ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದ ಇ-ಸಿಮ್ ಮಾತ್ರ. ಆದರೆ ನಿಮ್ಮ ಆಪರೇಟರ್ ಇ-ಸಿಮ್ ಕೊಡದಿದ್ದರೆ ಆ ಫೋನು ನಿಮಗಲ್ಲ.

ಆಮೇಲೆ *#06# ಒತ್ತಿ ಐಎಂಇಐ ಪಡೆದು ಆಪರೇಟರಿನ ತಾಣದಲ್ಲಿ ಹಾಕಿ ನೋಡಿ. ಎರಡು ಸಿಮ್‌ ಫೋನಿಗೆ ಎರಡು ಐಎಂಇಐ ಇರುತ್ತವೆ, ಎರಡನ್ನೂ ನೋಡಬೇಕು. ಬ್ಯಾಂಡ್‌ಗಳನ್ನು ತಾಳೆ ನೋಡುವಾಗ 1000 ಮೆಗಾಹರ್ಟ್ಸಿಗಿಂತ ಕೆಳಗಿನವನ್ನು ಮೊದಲು ನೋಡಿ. ಅಲ್ಲಿ ಕೊರತೆ ಇದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಬಿಡುವುದೇ ಮೇಲು.

ಫೋನು ಕೈಯಲ್ಲಿದ್ದರೆ ವೈಫೈ ಆಫ್ ಮಾಡಿ ಒಂದು ಕರೆ ಮಾಡಿ, ಮಾತಿನ ನಡುವೆ ಬ್ರೌಸರ್ ತೆರೆದು ಪುಟವೊಂದನ್ನು ಲೋಡ್ ಮಾಡಿ. 4ಜಿ ಗುರುತು ಹಾಗೇ ಇದ್ದು ಪುಟ ಬಂದರೆ ವೋಎಲ್‌ಟಿಇ ನಡೆಯುತ್ತಿದೆ. ಗುರುತು ಇ ಅಥವಾ ಎಚ್ ಆದರೆ ಹಳೆಯ ಜಾಲದ ದಯೆಯಲ್ಲಿದ್ದೀರಿ, ಅದು ಮುಚ್ಚುವ ದಿನ ಕರೆಯೂ ಮುಚ್ಚುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಫೋನ್ ಮಾಹಿತಿಯ ಪರದೆ ತೆರೆಯುತ್ತದೆ. ಅದರ ಮೆನುವಿನಲ್ಲಿರುವ ಐಎಂಎಸ್ ಸ್ಥಿತಿಯಲ್ಲಿ ನೋಂದಣಿ ಆಗಿದೆಯೇ ಇಲ್ಲವೇ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಆಗಿಲ್ಲ ಎಂದಿದ್ದರೆ ಮೊದಲು ಸಾಫ್ಟ್‌ವೇರ್ ಅಪ್‌ಡೇಟ್, ನಂತರ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್, ಆಮೇಲೆ ಆಪರೇಟರಿಗೆ ಹೇಳಿ ಆ ನಂಬರಿಗೆ ವೋಎಲ್‌ಟಿಇ ಚಾಲೂ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಸಿಮ್ ತೀರಾ ಹಳೆಯದಾಗಿದ್ದರೆ ಬದಲಿಸಿ. ಡೇಟಾವೇ ಬರದಿದ್ದರೆ ಎಪಿಎನ್‌ನ ಪ್ರೋಟೋಕಾಲ್ ನೋಡಿ. ಐಪಿವಿ4 ಮಾತ್ರ ಎಂದಿದ್ದರೆ ಐಪಿವಿ4/ಐಪಿವಿ6 ಎಂದು ಬದಲಿಸಿ, ಬರೀ ಐಪಿವಿ6 ಮೇಲೆ ನಡೆಯುವ ಜಾಲಗಳಿವೆ.

ಶವೊಮಿ ಫೋನುಗಳಲ್ಲಿ *#*#86583#*#* ಒತ್ತಿ ಆಪರೇಟರ್ ತಪಾಸಣೆಯನ್ನು ಆಫ್ ಮಾಡುವ ದಾರಿ ಪ್ರಸಿದ್ಧ. ಇದರಿಂದ ವೋಎಲ್‌ಟಿಇ ಸ್ವಿಚ್ ಕಾಣಿಸಿಕೊಳ್ಳುತ್ತದೆ, ಎಷ್ಟೋ ಜಾಲಗಳಲ್ಲಿ ಕರೆಯೂ ಹೋಗುತ್ತದೆ. ಆದರೆ ಕಡತದಲ್ಲಿ ಆ ಆಪರೇಟರಿನ ವಿವರ ಬರೆದಿಲ್ಲವಲ್ಲ, ಹಾಗಾಗಿ ಫಾರ್ವರ್ಡಿಂಗ್, ಕಾನ್ಫರೆನ್ಸ್, ಎಸ್‌ಎಂಎಸ್ ಇವುಗಳಲ್ಲಿ ಯಾವುದಾದರೂ ಕುಂಟಬಹುದು. ತುರ್ತು ಕರೆ ಹೋಗುತ್ತದೆಂಬ ಖಾತ್ರಿ ಇಲ್ಲ, ಸುಮ್ಮನೆ ಒತ್ತಿ ಪರೀಕ್ಷಿಸುವ ಸಂಖ್ಯೆಯೂ ಅದಲ್ಲ. ಇಂಥ ಫೋನನ್ನು ಎರಡನೆಯ ಫೋನಾಗಿ ಇಟ್ಟುಕೊಳ್ಳಬಹುದು, ವಯಸ್ಸಾದವರ ಕೈಗೆ ಏಕೈಕ ಫೋನಾಗಿ ಕೊಡಬಾರದು. ವೈಫೈ ಕಾಲಿಂಗ್ ನಡೆದರೆ ಮನೆಯೊಳಗೆ ಸುಧಾರಿಸಬಹುದು, ಅದಕ್ಕೂ ಅದೇ ಕಡತದಲ್ಲಿ ಅನುಮತಿ ಬೇಕು.

ಮೊದಲ ದಿನ ಎಲ್ಲ ಸರಿಯಿದೆ ಎಂದು ಪೆಟ್ಟಿಗೆ ಎಸೆಯಬೇಡಿ. ಬ್ಯಾಂಡಿನ ದೋಷ ನೀವು ಊರು ಬಿಟ್ಟು ಹೊರಗೆ ಹೋದಾಗ ಕಾಣುತ್ತದೆ, ಟ್ಯಾಕ್ ಪಟ್ಟಿಯ ದೋಷ ಆಪರೇಟರ್ ಪಟ್ಟಿ ಜಾರಿ ಮಾಡಿದಾಗ ಕಾಣುತ್ತದೆ. ಐಎಂಇಐ ನೋಂದಣಿಯ ಗಡುವು ಪಾಕಿಸ್ತಾನದಲ್ಲಿ 60 ದಿನ, ಟರ್ಕಿಯಲ್ಲಿ 120 ದಿನ. ವಾಪಸ್ ಕೊಡುವ ಅವಧಿ ಇವೆಲ್ಲಕ್ಕಿಂತ ಮೊದಲೇ ಮುಗಿಯುವುದರಿಂದ, ಮೊದಲ ವಾರದಲ್ಲೇ ದಪ್ಪ ಗೋಡೆಯ ಕಟ್ಟಡದೊಳಗಿಂದ ಒಂದು ಕರೆ, ಊರಾಚೆಯಿಂದ ಒಂದು ಕರೆ ಮಾಡಿ ನೋಡಿ, ಎರಡೂ ವೈಫೈ ಆಫ್ ಮಾಡಿಯೇ.